ರ‍್ಯಾಕ್‌ನಲ್ಲಿರುವ ವೈರ್‌ಲೆಸ್ ಮೈಕ್ ರಿಸೀವರ್‌ಗೆ ಹೊಂದುವ ವಿದ್ಯುತ್ ಕನೆಕ್ಟರ್: ದೋಷ ಪತ್ತೆ ಮತ್ತು ನಿವಾರಣೆ

ಕಾರ್ಯಕ್ರಮದ ನಡುವೆ ವೈರ್‌ಲೆಸ್ ಮೈಕ್‌ನ ದನಿ ಕಡಿದುಹೋದರೆ ಮೊದಲು ಬ್ಯಾಟರಿಯನ್ನು, ಆಮೇಲೆ ಆಂಟೆನಾವನ್ನು, ಅದಾದ ಮೇಲೆ ತರಂಗಾಂತರವನ್ನು ಅನುಮಾನಿಸುವುದು ವಾಡಿಕೆ. ರ‍್ಯಾಕ್‌ನ ಹಿಂಬದಿಯಲ್ಲಿ ರಿಸೀವರ್‌ಗೆ (ಮೈಕ್‌ನ ಸಂಕೇತವನ್ನು ಹಿಡಿಯುವ ಪೆಟ್ಟಿಗೆಗೆ) ವಿದ್ಯುತ್ ಒದಗಿಸುವ ಸಣ್ಣ ಡಿಸಿ ಪ್ಲಗ್ ಎಲ್ಲಕ್ಕಿಂತ ಕೊನೆಗೆ ನೆನಪಾಗುತ್ತದೆ. ಆದರೆ ಅಡಾಪ್ಟರ್ ಕಳೆದುಹೋಗಿ ಬೇರೊಂದನ್ನು ತಂದು ಹಾಕಿದ ರ‍್ಯಾಕ್‌ಗಳಲ್ಲಿ, ಅಥವಾ ನಾಲ್ಕಾರು ಅಡಾಪ್ಟರ್‌ಗಳನ್ನು ತೆಗೆದು ಒಂದೇ ಪವರ್ ಸಪ್ಲೈಯಿಂದ ಎಲ್ಲಕ್ಕೂ ತಂತಿ ಎಳೆದ ರ‍್ಯಾಕ್‌ಗಳಲ್ಲಿ, ಅನುಮಾನ ಮೊದಲು ಹೋಗಬೇಕಾದದ್ದು ಅಲ್ಲಿಗೇ. ಪ್ಲಗ್ ಸಾಕೆಟ್‌ನೊಳಗೆ ಕೂತಿತು, ದೀಪವೂ ಹೊತ್ತಿತು ಎಂದ ಮಾತ್ರಕ್ಕೆ ಅದು ಹೊಂದುವ ಪ್ಲಗ್ ಎಂದು ತೀರ್ಮಾನಿಸುವಂತಿಲ್ಲ. ಹೊರವ್ಯಾಸ, ಒಳವ್ಯಾಸ, ಉದ್ದ, ಧ್ರುವ (ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಎಂಬುದು), ವೋಲ್ಟೇಜ್, ಕರೆಂಟ್, ಬಿಗಿ ಹಿಡಿತ ಇವೆಲ್ಲವೂ ಒಟ್ಟಿಗೆ ಸರಿಯಿದ್ದಾಗ ಮಾತ್ರ ಅದನ್ನು ನಂಬಬಹುದು. ಇವುಗಳಲ್ಲಿ ಯಾವುದು ತಪ್ಪಿದೆ ಎಂಬುದನ್ನು ಊಹೆಯಿಂದಲ್ಲದೆ ಅಳತೆಯಿಂದ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಇಲ್ಲಿ ಹೇಳುವ ಅಳತೆಗಳೆಲ್ಲವೂ ಅಡಾಪ್ಟರ್‌ನ ಡಿಸಿ ಕಡೆಯವು. ಮೇನ್ಸ್ ವಿದ್ಯುತ್ ಬರುವ ಕಡೆಯನ್ನು ಬಿಚ್ಚುವ, ಅಡಾಪ್ಟರ್‌ನ ಪೆಟ್ಟಿಗೆಯನ್ನು ತೆರೆಯುವ ಕೆಲಸ ಅರ್ಹ ತಂತ್ರಜ್ಞರದು.

ಲಕ್ಷಣಗಳು ಏನನ್ನು ಹೇಳುತ್ತವೆ

ರಿಸೀವರ್‌ನ ದೀಪ ಹೇಗೆ ಆರಿ ಹೊತ್ತುತ್ತದೆ ಎಂಬುದನ್ನು ಒಂದೆರಡು ನಿಮಿಷ ಸುಮ್ಮನೆ ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಯಾರೂ ಮುಟ್ಟದಿದ್ದರೂ ದೀಪ ಒಂದೇ ಲಯದಲ್ಲಿ, ಹೆಚ್ಚುಕಡಿಮೆ ಸಮಾನ ಅಂತರದಲ್ಲಿ, ಹೊತ್ತಿ ಆರುತ್ತಿದ್ದರೆ ಪವರ್ ಸಪ್ಲೈಗೆ ಮಿತಿಮೀರಿದ ಹೊರೆ ಬಿದ್ದಿದೆ ಎಂದು ಅರ್ಥ. ಈಗಿನ ಸ್ವಿಚಿಂಗ್ ಮಾದರಿಯ ಅಡಾಪ್ಟರ್‌ಗಳಲ್ಲಿ ಅನೇಕವು ಹೊರೆ ಹೆಚ್ಚಾದಾಗ ತಾವೇ ನಿಂತು, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಪ್ರಯತ್ನಿಸಿ, ಮತ್ತೆ ನಿಲ್ಲುತ್ತವೆ. ಆ ಲಯಕ್ಕೆ ಇದೇ ಕಾರಣ. ಇದಕ್ಕೆ ಬದಲಾಗಿ, ರ‍್ಯಾಕ್‌ನ ಬಾಗಿಲು ಮುಚ್ಚಿದಾಗ, ಕೇಬಲ್‌ಗೆ ಕೈ ತಾಗಿದಾಗ, ಸ್ಪೀಕರ್‌ನ ಕಂಪನ ಜೋರಾದಾಗ ಮಾತ್ರ ಲಯವಿಲ್ಲದೆ ಆರಿದರೆ ದೋಷ ಸಂಪರ್ಕದಲ್ಲಿದೆ.

ದೀಪ ಸ್ಥಿರವಾಗಿ ಉರಿಯುತ್ತಿದ್ದರೂ ಮೈಕ್‌ನ ವ್ಯಾಪ್ತಿ ತಗ್ಗಿದ್ದರೆ, ಮೈಕ್ ಆಫ್ ಮಾಡಿದ ಮೇಲೂ ರೇಡಿಯೊ ಸಂಕೇತದ ಬಲ ತೋರಿಸುವ ಆರ್‌ಎಫ್ ಮೀಟರ್‌ನಲ್ಲಿ ಪಟ್ಟಿಗಳು ಕಾಣುತ್ತಿದ್ದರೆ, ಅಥವಾ ಹಿನ್ನೆಲೆಯಲ್ಲಿ ಗುಂಯ್ ಎಂಬ ನಾದ ಕೇಳುತ್ತಿದ್ದರೆ, ಪ್ಲಗ್‌ಗಿಂತ ಅದರ ಹಿಂದಿರುವ ಅಡಾಪ್ಟರ್ ಮತ್ತು ಅರ್ಥಿಂಗ್‌ನ ವ್ಯವಸ್ಥೆಯನ್ನು ನೋಡಬೇಕು. ಒಂದು ರಿಸೀವರ್‌ಗೆ ಪ್ಲಗ್ ಚುಚ್ಚಿದ ಕೂಡಲೇ ಅದೇ ಸಪ್ಲೈಯಲ್ಲಿರುವ ಉಳಿದವೂ ಆರಿಹೋದರೆ ಧ್ರುವ ತಿರುಗುಮುರುಗಾಗಿರುವ ಸಾಧ್ಯತೆಯೇ ಹೆಚ್ಚು. ಈ ಸಂಗತಿಯನ್ನು ಮುಂದೆ ವಿವರವಾಗಿ ನೋಡೋಣ.

ಲೇಬಲ್ ಓದದೆ ಪ್ಲಗ್ ಚುಚ್ಚಬೇಡಿ

ರಿಸೀವರ್‌ನ ಹಿಂಬದಿಯಲ್ಲಿ ಡಿಸಿ ಸಾಕೆಟ್‌ನ ಪಕ್ಕದಲ್ಲಿ ಅಚ್ಚಾಗಿರುವ ಮಾಹಿತಿ ಮತ್ತು ಅಡಾಪ್ಟರ್‌ನ ಮೇಲಿನ ಲೇಬಲ್ ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಬೇಕು. ಅಲ್ಲಿ ಮೊದಲು ಹುಡುಕಬೇಕಾದದ್ದು ಸಂಖ್ಯೆಯನ್ನಲ್ಲ, ಚಿಹ್ನೆಯನ್ನು. ಮೇಲೊಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇದ್ದರೆ ಡಿಸಿ. ಅಲೆಯ ಗುರುತು ಇದ್ದರೆ ಎಸಿ. ಕೆಲವು ಸಣ್ಣ ಮಿಕ್ಸರ್‌ಗಳು ಮತ್ತು ಎಫೆಕ್ಟ್ ಪೆಟ್ಟಿಗೆಗಳ ಅಡಾಪ್ಟರ್‌ಗಳು ಎಸಿಯನ್ನೇ ಹೊರಬಿಡುತ್ತವೆ. ಅವುಗಳ ಪ್ಲಗ್ ನೋಡಲು ಮಾತ್ರವಲ್ಲ, ಅಳತೆಯಲ್ಲೂ ಡಿಸಿ ಪ್ಲಗ್‌ನಂತೆಯೇ ಇರುವುದರಿಂದ ಒಂದೇ ರ‍್ಯಾಕ್‌ನಲ್ಲಿ ಎರಡೂ ಇದ್ದಾಗ ಅದಲುಬದಲಾಗುವುದು ಸುಲಭ.

ವೋಲ್ಟೇಜ್‌ನ ವಿಷಯದಲ್ಲಿ ಒಂದೇ ಕಂಪನಿಯ ಉಪಕರಣಗಳೆಂಬ ಭರವಸೆ ಸಾಲದು. ಶೂರ್‌ನ ಬಿಎಲ್‌ಎಕ್ಸ್4 ರಿಸೀವರ್ 12ರಿಂದ 15 ವೋಲ್ಟ್ ಡಿಸಿಯಲ್ಲಿ ನಡೆಯುತ್ತದೆ. ಅದೇ ಕಂಪನಿಯ ಕ್ಯೂಎಲ್‌ಎಕ್ಸ್‌ಡಿ4 ಕೇಳುವುದು 15 ವೋಲ್ಟ್. ಸೆನ್‌ಹೈಸರ್‌ನ ಇಎಂ 100 ಸರಣಿಯದು 12 ವೋಲ್ಟ್. ಹೀಗೆ ಮಿಶ್ರವಾಗಿರುವ ರ‍್ಯಾಕ್‌ನಲ್ಲಿ 12 ವೋಲ್ಟ್‌ನ ಅಡಾಪ್ಟರ್ 15 ವೋಲ್ಟ್‌ನ ರಿಸೀವರ್‌ಗೆ ಸೇರಿಕೊಂಡರೆ ಅದು ಹೊತ್ತದೆ ಇರಬಹುದು, ಹೊತ್ತಿದರೂ ಭರವಸೆಯಿಲ್ಲದೆ ನಡೆಯಬಹುದು. ಕರೆಂಟ್‌ನ ಲೆಕ್ಕ ಬೇರೆ: ಉಪಕರಣ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುವುದರಿಂದ, ವೋಲ್ಟೇಜ್ ಸರಿಯಿರುವ ತನಕ ಹೆಚ್ಚು ಆಂಪಿಯರ್‌ನ ಅಡಾಪ್ಟರ್‌ನಿಂದ ರಿಸೀವರ್‌ಗೆ ಹಾನಿಯಿಲ್ಲ. ತೊಂದರೆ ಬರುವುದು ಕಡಿಮೆ ಆಂಪಿಯರ್‌ನ ಅಡಾಪ್ಟರ್‌ನಿಂದ. ಈ ಎರಡನ್ನು ಗೊಂದಲ ಮಾಡಿಕೊಂಡು, ಹೆಚ್ಚು ಆಂಪಿಯರ್‌ಗೆ ಹೆದರಿ ಹೆಚ್ಚು ವೋಲ್ಟ್ ಅನ್ನು ಲಘುವಾಗಿ ಕಾಣುವವರು ಬಹಳ ಮಂದಿ ಇದ್ದಾರೆ.

ಪ್ಲಗ್‌ನ ಅಳತೆ

ಅರ್ಧ ರ‍್ಯಾಕ್ ಅಗಲದ ರಿಸೀವರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಕೊಳವೆಯಾಕಾರದ ಡಿಸಿ ಪ್ಲಗ್. ಬ್ಯಾರಲ್ ಪ್ಲಗ್ ಎಂದು ಕರೆಯುವ ಇದರಲ್ಲಿ ಹೊರಕೊಳವೆ ಒಂದು ಧ್ರುವ, ಕೊಳವೆಯೊಳಗಿನ ರಂಧ್ರದ ಲೋಹ ಇನ್ನೊಂದು ಧ್ರುವ; ರಿಸೀವರ್‌ನ ಸಾಕೆಟ್‌ನಲ್ಲಿರುವ ನಡುಪಿನ್ ಆ ರಂಧ್ರದೊಳಗೆ ಹೋಗುತ್ತದೆ. ಅತಿ ಹೆಚ್ಚು ಬಳಕೆಯಲ್ಲಿರುವ ಎರಡು ಅಳತೆಗಳು 5.5×2.1 ಮಿ.ಮೀ. ಮತ್ತು 5.5×2.5 ಮಿ.ಮೀ. ಹೊರವ್ಯಾಸ ಒಂದೇ ಆದ್ದರಿಂದ ಕಣ್ಣಿಗೆ ಎರಡೂ ಒಂದೇ. ವ್ಯತ್ಯಾಸವಿರುವುದು ಒಳರಂಧ್ರದಲ್ಲಿ, ಅದೂ 0.4 ಮಿ.ಮೀ. ಮಾತ್ರ. ರ‍್ಯಾಕ್‌ನಲ್ಲಿ ಆಗಾಗ ಆರಿ ಹೊತ್ತುವ ರಿಸೀವರ್‌ಗಳ ಹಿಂದೆ ನಾನು ಮೊದಲು ಹುಡುಕುವುದು ಈ 0.4 ಮಿ.ಮೀ. ಅಂತರವನ್ನೇ.

2.1 ರಂಧ್ರದ ಪ್ಲಗ್ 2.5ರ ನಡುಪಿನ್‌ನ ಮೇಲೆ ಹೋಗುವುದೇ ಇಲ್ಲ. ಆ ತಪ್ಪು ತಾನಾಗಿಯೇ ಗೊತ್ತಾಗುತ್ತದೆ. ಅಪಾಯವಿರುವುದು ಇದರ ತಿರುಗುಮುರುಗಿನಲ್ಲಿ. 2.5 ರಂಧ್ರದ ಪ್ಲಗ್ 2.1ರ ನಡುಪಿನ್‌ನ ಮೇಲೆ ಸಲೀಸಾಗಿ ಕೂರುತ್ತದೆ, ಹೊರಕೊಳವೆಯನ್ನು ಸಾಕೆಟ್‌ನ ಸ್ಪ್ರಿಂಗ್ ಹಿಡಿದುಕೊಳ್ಳುತ್ತದೆ, ಪ್ಲಗ್ ಒಂದು ಪಕ್ಕಕ್ಕೆ ವಾಲಿರುವಷ್ಟು ಹೊತ್ತು ರಿಸೀವರ್ ಉರಿಯುತ್ತದೆ. ಮೇಜಿನ ಮೇಲೆ ಪರೀಕ್ಷಿಸುವಾಗ ಎಲ್ಲವೂ ಸರಿಯಾಗಿ ಕಂಡು, ರ‍್ಯಾಕ್‌ಗೆ ಹಾಕಿ ಕೇಬಲ್ ಕಟ್ಟಿದ ಮೇಲೆ ವಾಲುವ ದಿಕ್ಕು ಬದಲಾಗಿ ದೋಷ ಶುರುವಾಗುವುದು ಇದೇ ಕಾರಣಕ್ಕೆ.

ಇದನ್ನು ಪತ್ತೆಮಾಡಲು ಅಡಾಪ್ಟರ್ ಅನ್ನು ಗೋಡೆಯ ಸಾಕೆಟ್‌ನಿಂದ ಪೂರ್ತಿ ಕಳಚಿ, 2.3 ಮಿ.ಮೀ. ಡ್ರಿಲ್ ಬಿಟ್‌ನ ನಯವಾದ ಹಿಂಬದಿಯನ್ನು ಪ್ಲಗ್‌ನ ರಂಧ್ರಕ್ಕೆ ಒತ್ತಡವಿಲ್ಲದೆ ಇಳಿಸಿ ನೋಡಬೇಕು. ಇಳಿದರೆ ಅದು 2.5ರ ಪ್ಲಗ್, ಇಳಿಯದಿದ್ದರೆ 2.1ರದು. ಕೆಲವು ಪ್ಲಗ್‌ಗಳ ಒಳಗೆ ಸೀಳಿದ ಸ್ಪ್ರಿಂಗ್ ಲೋಹವಿರುವುದರಿಂದ ಬಲವಂತ ಮಾಡಿದರೆ ಅದು ಅಗಲವಾಗಿ ಪ್ಲಗ್ ಕೆಡುತ್ತದೆ. ಹೊರವ್ಯಾಸಕ್ಕೆ ವರ್ನಿಯರ್ ಕ್ಯಾಲಿಪರ್ ಸಾಕು, ಅದರಲ್ಲಿ 5.5ಕ್ಕೆ ಬದಲು 4.0, 4.75 ಅಥವಾ 6.5 ಬಂದರೆ ಬೇರೆಯೇ ಕುಟುಂಬದ ಪ್ಲಗ್ ಎಂದು ತಿಳಿಯಬೇಕು. ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘದ (ಇಐಎಜೆ) ಮಾನದಂಡದಲ್ಲಿ ವೋಲ್ಟೇಜ್‌ಗೆ ತಕ್ಕಂತೆ ಪ್ಲಗ್‌ನ ಗಾತ್ರವನ್ನೇ ಬದಲಿಸಲಾಗಿದೆ: 10.5ರಿಂದ 13.5 ವೋಲ್ಟ್‌ಗೆ 5.5×3.3 ಮಿ.ಮೀ., 13.5ರಿಂದ 18 ವೋಲ್ಟ್‌ಗೆ 6.5×4.3 ಮಿ.ಮೀ. ಈ ಎರಡೂ ಬಗೆಯ ಪ್ಲಗ್‌ಗಳ ಕೊಳವೆಯೊಳಗೆ ನಟ್ಟನಡುವೆ ಒಂದು ತೆಳುವಾದ ಪಿನ್ ಕಾಣುತ್ತದೆ. 5.5 ಹೊರವ್ಯಾಸವಿದ್ದೂ ನಡುವೆ ಪಿನ್ ಕಂಡರೆ ಅದನ್ನು ಸಾಮಾನ್ಯ ಬ್ಯಾರಲ್ ಸಾಕೆಟ್‌ಗೆ ತುರುಕಬಾರದು.

ಉದ್ದವನ್ನೂ ಅಳೆಯಿರಿ. ರಿಸೀವರ್‌ನ ಸಾಕೆಟ್ ಹಿಂಬದಿಯ ತಗಡಿನಿಂದ ಸ್ವಲ್ಪ ಒಳಗೆ ಸರಿದಿರುವುದುಂಟು. ಆಗ ಪ್ಲಗ್‌ನ ಲೋಹದ ಭಾಗ ಗಿಡ್ಡವಾಗಿದ್ದರೆ, ಅಥವಾ ಅದರ ಪ್ಲಾಸ್ಟಿಕ್ ಹಿಡಿ ದಪ್ಪವಾಗಿ ತಗಡಿಗೇ ತಡೆದು ನಿಂತರೆ, ಒಳಗಿನ ಸಂಪರ್ಕ ತುದಿಯಲ್ಲಿ ಮಾತ್ರ ಆಗುತ್ತದೆ. ಮೂಲ ಅಡಾಪ್ಟರ್‌ನಲ್ಲಿ ತಿರುಗಿಸಿ ಬಿಗಿಮಾಡುವ ಉಂಗುರವಿದ್ದಿದ್ದರೆ ಬದಲಿ ಪ್ಲಗ್‌ನಲ್ಲೂ ಅದು ಬೇಕು. ಆ ಉಂಗುರದ ತಿರುಪಿನ (ಥ್ರೆಡ್) ಅಳತೆ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ, ಉಂಗುರ ಅರ್ಧ ಸುತ್ತಿಗೇ ಬಿಗಿಯಾಗಿ ನಿಂತರೆ ಅದು ಸರಿಯಾದ ಜೋಡಿಯಲ್ಲ.

ಅಳತೆಯೆಲ್ಲ ಸರಿಯಿದ್ದೂ ಸಂಪರ್ಕ ತಪ್ಪುತ್ತಿದ್ದರೆ, ದೋಷ ಕೇಬಲ್‌ನಲ್ಲೋ ಪ್ಲಗ್‌ನಲ್ಲೋ ಸಾಕೆಟ್‌ನ ಬೆಸುಗೆಯಲ್ಲೋ ಎಂದು ಬೇರ್ಪಡಿಸಬೇಕು. ಪ್ಲಗ್ ಅನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಕೇಬಲ್ ಪ್ಲಗ್‌ನಿಂದ ಹೊರಬರುವ ಕತ್ತಿನ ಬಳಿ ಮಾತ್ರ ಬಗ್ಗಿಸಿದಾಗ ದೀಪ ಆರಿದರೆ ಒಳಗಿನ ತಂತಿ ಮುರಿದಿದೆ. ಕೇಬಲ್ ಅಲುಗದಂತೆ ಪ್ಲಗ್ ಅನ್ನು ತನ್ನ ಜಾಗದಲ್ಲೇ ತಿರುಗಿಸಿದಾಗ ಆರಿದರೆ ಒಳಸಂಪರ್ಕ ಸಡಿಲ ಅಥವಾ ಕಿಲುಬು ಹಿಡಿದಿದೆ. ಪ್ಲಗ್ ಅನ್ನು ಮೇಲೆ ಕೆಳಗೆ ತೀರ ಮೆಲ್ಲನೆ ಒತ್ತಿದಾಗ ಆರಿದರೆ ಸಾಕೆಟ್‌ನ ಬೆಸುಗೆ ಬಿರುಕು ಬಿಟ್ಟಿರುವ ಸಂಭವವಿದೆ. ಭಾರದ ಕೇಬಲ್ ನೇತಾಡಿಕೊಂಡಿದ್ದ ರಿಸೀವರ್‌ಗಳಲ್ಲಿ ಇದು ಮಾಮೂಲು. ಇದೇ ಪರೀಕ್ಷೆಯನ್ನು ನಂಬಿಕಸ್ತವಾದ ಇನ್ನೊಂದು ಪ್ಲಗ್‌ನಿಂದಲೂ ಮಾಡಿ ನೋಡಿದ ಬಳಿಕವೇ ರಿಸೀವರ್ ಅನ್ನು ಬಿಚ್ಚಲು ಹೊರಡಬೇಕು.

ಧ್ರುವ: ಅತಿ ದುಬಾರಿಯಾಗುವ ತಪ್ಪು

ವೈರ್‌ಲೆಸ್ ರಿಸೀವರ್‌ಗಳಲ್ಲಿ ಸೆಂಟರ್ ಪಾಸಿಟಿವ್, ಅಂದರೆ ನಡುಪಿನ್ ಪ್ಲಸ್, ಹೆಚ್ಚು ರೂಢಿಯಲ್ಲಿದೆ. ಗಿಟಾರ್ ಪೆಡಲ್‌ಗಳ 9 ವೋಲ್ಟ್ ಅಡಾಪ್ಟರ್‌ಗಳು ಸಾಮಾನ್ಯವಾಗಿ ಸೆಂಟರ್ ನೆಗೆಟಿವ್. ಸಂಗೀತಗಾರರೂ ಧ್ವನಿ ತಂತ್ರಜ್ಞರೂ ಒಂದೇ ಪೆಟ್ಟಿಗೆಯಲ್ಲಿ ಅಡಾಪ್ಟರ್‌ಗಳನ್ನು ಇಡುವ ಕಡೆ ಇವೆರಡೂ ಬೆರೆಯದಂತೆ ನೋಡಿಕೊಳ್ಳುವುದು ಅತ್ಯಗತ್ಯ. ಲೇಬಲ್‌ನಲ್ಲಿರುವ ಧ್ರುವದ ಚಿತ್ರವನ್ನು ಓದಿದ ಮೇಲೂ ಮಲ್ಟಿಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ತುದಿ ಕತ್ತರಿಸಿ ಬೇರೆ ಪ್ಲಗ್ ಬೆಸೆದ ಅಡಾಪ್ಟರ್‌ನ ಮೇಲೆ ಹಳೆಯ ಲೇಬಲ್ ಹಾಗೇ ಉಳಿದಿರುತ್ತದೆ. ಮೀಟರ್ ಅನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕೆಂಪು ತುದಿಯನ್ನು ರಂಧ್ರದೊಳಗಿನ ಲೋಹಕ್ಕೂ ಕಪ್ಪು ತುದಿಯನ್ನು ಹೊರಕೊಳವೆಗೂ ತಾಗಿಸಿ. ಎರಡು ತುದಿಗಳೂ ಒಂದಕ್ಕೊಂದು ತಗುಲದಂತೆ ಎಚ್ಚರವಿರಲಿ. ಸಂಖ್ಯೆಯ ಮುಂದೆ ಮೈನಸ್ ಬಂದರೆ ಅದು ಸೆಂಟರ್ ನೆಗೆಟಿವ್.

ಧ್ರುವ ತಪ್ಪಿ ಚುಚ್ಚಿದಾಗ ರಿಸೀವರ್‌ಗೆ ಏನಾಗುತ್ತದೆ ಎಂಬುದು ಅದರೊಳಗಿನ ರಕ್ಷಣೆಯನ್ನು ಅವಲಂಬಿಸಿದೆ. ವಿದ್ಯುತ್ ದಾರಿಯ ಸರಣಿಯಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇದ್ದರೆ ಕರೆಂಟ್ ಹರಿಯುವುದೇ ಇಲ್ಲ. ಸರಿಯಾದ ಅಡಾಪ್ಟರ್ ಹಾಕಿದ ಕೂಡಲೇ ರಿಸೀವರ್ ಏನೂ ಆಗದಂತೆ ಎಚ್ಚರಗೊಳ್ಳುತ್ತದೆ. ಸಾಕೆಟ್‌ಗೆ ಅಡ್ಡಲಾಗಿ ಡಯೋಡ್ ಮತ್ತು ಅದರ ಮುಂದೆ ಫ್ಯೂಸ್ ಇದ್ದರೆ ಫ್ಯೂಸ್ ಸುಡುತ್ತದೆ, ಸರಿಯಾದ ಅಡಾಪ್ಟರ್ ಹಾಕಿದರೂ ರಿಸೀವರ್ ಹೊತ್ತುವುದಿಲ್ಲ. ಆದ್ದರಿಂದ ಅಡಾಪ್ಟರ್ ಬದಲಿಸಿದ ಬಳಿಕ ಪೂರ್ತಿ ಸತ್ತಂತೆ ಕಾಣುವ ರಿಸೀವರ್ ಅನ್ನು ಎಸೆಯುವ ಮುನ್ನ ಒಳಗಿನ ಫ್ಯೂಸ್ ಅನ್ನು ಪರೀಕ್ಷೆಗೆ ಕೊಡುವುದು ಒಳಿತು. ಕೆಲವೊಮ್ಮೆ ಸರ್ಕ್ಯೂಟ್‌ನಲ್ಲಿ ಕೆಟ್ಟಿರುವುದು ಅದೊಂದೇ ಬಿಡಿಭಾಗವಾಗಿರುತ್ತದೆ.

ಒಂದೇ ಸಪ್ಲೈಯಿಂದ ಹಲವು ಉಪಕರಣಗಳಿಗೆ ತಂತಿ ಎಳೆದ ರ‍್ಯಾಕ್‌ನಲ್ಲಿ ಈ ತಪ್ಪು ಬೇರೆ ರೂಪ ತಾಳುತ್ತದೆ. ಸಾಮಾನ್ಯವಾಗಿ ಉಪಕರಣದ ಮೈನಸ್ ಅದರ ಲೋಹದ ಮೈಗೂ ಆಡಿಯೊ ಕೇಬಲ್‌ನ ಶೀಲ್ಡ್‌ಗೂ (ತಂತಿಯನ್ನು ಸುತ್ತುವರಿದ ಲೋಹದ ಹೊದಿಕೆಗೂ) ಜೋಡಿರುತ್ತದೆ, ಮತ್ತು ರ‍್ಯಾಕ್‌ನ ಕಬ್ಬಿಣದ ಪಟ್ಟಿ ಎಲ್ಲ ಉಪಕರಣಗಳ ಮೈಯನ್ನೂ ಒಂದಾಗಿಸುತ್ತದೆ. ಸೆಂಟರ್ ಪಾಸಿಟಿವ್ ರಿಸೀವರ್‌ಗಳ ಸಾಲಿಗೆ ಒಂದು ಸೆಂಟರ್ ನೆಗೆಟಿವ್ ಉಪಕರಣವನ್ನು ಅದೇ ಬಗೆಯ ಕೇಬಲ್‌ನಲ್ಲಿ ಸೇರಿಸಿದರೆ, ಅದರ ಮೈಗೆ ಸಪ್ಲೈಯ ಪ್ಲಸ್ ಬರುತ್ತದೆ. ಆ ಮೈ ರ‍್ಯಾಕ್‌ನ ಮೂಲಕ ಉಳಿದವುಗಳ ಮೈನಸ್‌ಗೆ ತಾಗಿ ನೇರ ಶಾರ್ಟ್ ಆಗುತ್ತದೆ. ಒಂದಕ್ಕೆ ಪ್ಲಗ್ ಚುಚ್ಚಿದರೆ ಎಲ್ಲವೂ ಆರುವ ಗುಟ್ಟು ಇದು. ಪ್ರತ್ಯೇಕ ಅಡಾಪ್ಟರ್‌ಗಳಿದ್ದಾಗ ಅದೇ ಉಪಕರಣಗಳು ಯಾವ ತಕರಾರೂ ಇಲ್ಲದೆ ನಡೆದಿರುತ್ತವೆ, ಏಕೆಂದರೆ ಆ ಅಡಾಪ್ಟರ್‌ಗಳ ಡಿಸಿ ಕಡೆಗಳಿಗೆ ಒಂದಕ್ಕೊಂದು ನೇರ ಸಂಬಂಧವಿರುವುದಿಲ್ಲ. ಇಂಥ ಉಪಕರಣಕ್ಕೆ ಕಡೆಯ ಪ್ಲಗ್‌ನಲ್ಲಿ ಧ್ರುವವನ್ನು ಅದಲುಬದಲಾಗಿಸಿದ ಪ್ರತ್ಯೇಕ ಕೇಬಲ್ ಮಾಡಿ, ಅದು ಬೇರೆ ಯಾವುದಕ್ಕೂ ಹೋಗದಂತೆ ಎದ್ದುಕಾಣುವ ಗುರುತು ಹಾಕಬೇಕು.

ಹೊರೆಯಿದ್ದಾಗಿನ ವೋಲ್ಟೇಜ್

ಗಾಳಿಯಲ್ಲಿ ಹಿಡಿದ ಪ್ಲಗ್‌ನಲ್ಲಿ ಕಾಣುವ ವೋಲ್ಟೇಜ್ ಅರ್ಧ ಸತ್ಯ ಮಾತ್ರ. ನಿಯಂತ್ರಣವಿಲ್ಲದ ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ 12 ವೋಲ್ಟ್ ಅಡಾಪ್ಟರ್, ಹೊರೆಯಿಲ್ಲದಾಗ 16 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ತೋರಿಸಬಹುದು, ಅದು ದೋಷವಲ್ಲ. ಇನ್ನೊಂದೆಡೆ, ಮುಪ್ಪಾದ ಸ್ವಿಚಿಂಗ್ ಅಡಾಪ್ಟರ್ ಹೊರೆಯಿಲ್ಲದಾಗ ನಿಖರವಾಗಿ 12 ತೋರಿಸಿ, ರಿಸೀವರ್ ಜೋಡಿಸಿದ ಕೂಡಲೇ ಕುಸಿಯಬಹುದು. ಆದ್ದರಿಂದ ಅಡಾಪ್ಟರ್ ಮತ್ತು ರಿಸೀವರ್‌ನ ನಡುವೆ, ತಂತಿಗಳು ಹೊರಗೆ ಸಿಗುವಂಥ ಒಂದು ಗಿಡ್ಡ ಪರೀಕ್ಷಾ ಕೇಬಲ್ ಸೇರಿಸಿ, ರಿಸೀವರ್ ಕೆಲಸ ಮಾಡುತ್ತಿರುವಾಗಲೇ ಅಳೆಯಬೇಕು.

ಹಂಚಿಕೆಯ ತಂತಿ ತೆಳುವಾಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. 0.5 ಚದರ ಮಿ.ಮೀ. ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.035 ಓಮ್ ರೋಧವಿದೆ. ಸಪ್ಲೈ 3 ಮೀಟರ್ ದೂರವಿದ್ದರೆ ಹೋಗಿಬರುವ ದಾರಿ 6 ಮೀಟರ್, ರೋಧ 0.21 ಓಮ್, ತಲಾ ಅರ್ಧ ಆಂಪಿಯರ್‌ನ ನಾಲ್ಕು ರಿಸೀವರ್‌ಗಳು ಅದೇ ಜೋಡಿ ತಂತಿಯಲ್ಲಿ 2 ಆಂಪಿಯರ್ ಎಳೆದಾಗ 0.42 ವೋಲ್ಟ್ ಕಡಿಮೆಯಾಗುತ್ತದೆ. 12ರಿಂದ 15ರ ವ್ಯಾಪ್ತಿಯಿರುವ ರಿಸೀವರ್‌ಗೆ 12 ವೋಲ್ಟ್ ಸಪ್ಲೈಯನ್ನೇ ಆರಿಸಿಕೊಂಡಿದ್ದರೆ ಇಷ್ಟರಲ್ಲೇ ಕನಿಷ್ಠ ಮಿತಿಯ ಕೆಳಗೆ ಇಳಿದಂತಾಯಿತು. ತಂತಿಯನ್ನು ದಪ್ಪಗೊಳಿಸುವುದು, ಪ್ರತಿ ರಿಸೀವರ್‌ಗೂ ಸಪ್ಲೈಯಿಂದಲೇ ಬೇರೆ ಜೋಡಿ ಎಳೆಯುವುದು, ಒಟ್ಟು ಬೇಡಿಕೆಗಿಂತ ಕಾಲು ಭಾಗವಾದರೂ ಹೆಚ್ಚು ಆಂಪಿಯರ್‌ನ ಸಪ್ಲೈ ಇಡುವುದು, ಇವು ಮೂರೂ ಅಗ್ಗದ ಪರಿಹಾರಗಳು. ಪ್ರತಿಯೊಂದು ಶಾಖೆಗೂ ಅದರದೇ ಫ್ಯೂಸ್ ಇರಲಿ. ಇಲ್ಲವಾದರೆ ಒಂದು ಪ್ಲಗ್‌ನ ಶಾರ್ಟ್‌ಗೆ ಇಡೀ ರ‍್ಯಾಕ್ ಬೆಲೆ ತೆರುತ್ತದೆ.

ವಿದ್ಯುತ್ ಪ್ಲಗ್ ಇಲ್ಲದ ರಿಸೀವರ್

ಕೆಲವು ವ್ಯವಸ್ಥೆಗಳಲ್ಲಿ ರಿಸೀವರ್‌ನ ಡಿಸಿ ಸಾಕೆಟ್ ಖಾಲಿಯಿದ್ದರೂ ಅದು ಉರಿಯುತ್ತಿರುತ್ತದೆ. ಸೆನ್‌ಹೈಸರ್‌ನ ಎಎಸ್‌ಎ 214 ಆಂಟೆನಾ ಸ್ಪ್ಲಿಟರ್ (ಒಂದೇ ಜೋಡಿ ಆಂಟೆನಾದ ಸಂಕೇತವನ್ನು ಹಲವು ರಿಸೀವರ್‌ಗಳಿಗೆ ಹಂಚುವ ಪೆಟ್ಟಿಗೆ) ಹೊಂದುವ ರಿಸೀವರ್‌ಗಳಿಗೆ ಆಂಟೆನಾ ಕೇಬಲ್‌ನ ಮೂಲಕವೇ ವಿದ್ಯುತ್ ಕಳಿಸುತ್ತದೆ. ಶೂರ್‌ನ ಯುಎ844 ಹಂಚಿಕೆ ಪೆಟ್ಟಿಗೆ ಪ್ರತ್ಯೇಕ ಡಿಸಿ ಕೇಬಲ್‌ಗಳಲ್ಲಿ ಕಳಿಸುತ್ತದೆ. ಮೊದಲನೆಯ ಬಗೆಯಲ್ಲಿ ಆಂಟೆನಾ ಕೇಬಲ್‌ನ ತುದಿಯ ಬಿಎನ್‌ಸಿ ಕನೆಕ್ಟರ್ ಸಡಿಲವಾದರೂ ವಿದ್ಯುತ್ ದೋಷದಂತೆಯೇ ಕಾಣುತ್ತದೆ, ಮತ್ತು ನಡುವೆ ಡಿಸಿಯನ್ನು ತಡೆಯುವ ಸ್ಪ್ಲಿಟರ್ ಸೇರಿಸಿದರೆ ರಿಸೀವರ್ ಆರುತ್ತದೆ.

ಮೇನ್ಸ್ ಕಡೆಯ ಕನೆಕ್ಟರ್‌ಗಳು

ಪೂರ್ಣ ಅಗಲದ ಅನೇಕ ರಿಸೀವರ್‌ಗಳಲ್ಲಿ ಪವರ್ ಸಪ್ಲೈ ಒಳಗೇ ಇರುವುದರಿಂದ ಹಿಂಬದಿಯಲ್ಲಿ ಐಇಸಿ 60320 ಮಾನದಂಡದ ಸಿ14 ಇನ್‌ಲೆಟ್ (ಮೇನ್ಸ್ ಕೇಬಲ್ ಚುಚ್ಚುವ ಜಾಗ) ಇರುತ್ತದೆ. ಅದಕ್ಕೆ ಸಿ13 ತುದಿಯ ಕೇಬಲ್ ಬೇಕು, ಅದರ ಮಿತಿ 10 ಆಂಪಿಯರ್. ಎಂಟರ ಆಕಾರದ ಸಿ7 ಮತ್ತು ಮೂರೆಲೆಯ ಸಿ5 ಎರಡೂ 2.5 ಆಂಪಿಯರ್‌ನವು. ಸಿ13 ತುದಿ ಕಂಪನಕ್ಕೆ ನಿಧಾನವಾಗಿ ಹಿಂದೆ ಸರಿಯುವುದು ಸಾಗಾಟದ ರ‍್ಯಾಕ್‌ಗಳಲ್ಲಿ ಪದೇ ಪದೇ ಕಾಣುವ ದೋಷ. ಬೀಗವಿರುವ ಸಿ13 ಕೇಬಲ್ ಇದಕ್ಕೆ ಪರಿಹಾರ, ಆದರೆ ಅವುಗಳಲ್ಲಿ ಕೆಲವು ಯಾವುದೇ ಸಿ14ನ್ನು ಹಿಡಿಯುತ್ತವೆ, ಇನ್ನು ಕೆಲವಕ್ಕೆ ಇನ್‌ಲೆಟ್‌ನಲ್ಲೇ ಅದಕ್ಕೆ ತಕ್ಕ ಕಚ್ಚು ಬೇಕು. ಕೊಳ್ಳುವ ಮುನ್ನ ಇನ್‌ಲೆಟ್ ಅನ್ನು ನೋಡಬೇಕು.

ರ‍್ಯಾಕ್‌ನ ಮುಖ್ಯ ಪ್ರವೇಶದಲ್ಲಿ ನ್ಯೂಟ್ರಿಕ್ ಕಂಪನಿಯ ಪವರ್‌ಕಾನ್ (ತಿರುಗಿಸಿದಾಗ ಬೀಗ ಬೀಳುವ ಮೇನ್ಸ್ ಕನೆಕ್ಟರ್) ಇದ್ದರೆ, ನೀಲಿ ಬಣ್ಣದ್ದು ವಿದ್ಯುತ್ ಒಳಬರಲು, ಬೂದು ಬಣ್ಣದ್ದು ಹೊರಹೋಗಲು. ಒಂದು ಇನ್ನೊಂದಕ್ಕೆ ಸೇರದಂತೆ ಅವುಗಳ ಕಚ್ಚುಗಳೇ ಬೇರೆ. ಈ ಮಾದರಿಯನ್ನು ಹೊರೆಯಿರುವಾಗ ಕಳಚಬಾರದು. ಹೊರೆಯಲ್ಲೂ ಕಳಚಬಹುದಾದದ್ದು ಪವರ್‌ಕಾನ್ ಟ್ರೂ1, ಮತ್ತು ಅದು ಹಳೆಯ ಪವರ್‌ಕಾನ್‌ಗೆ ಹೊಂದುವುದಿಲ್ಲ.

ಗುಂಯ್‌ನಾದ ಮತ್ತು ಆರ್‌ಎಫ್ ಗದ್ದಲ

ಬದಲಿ ಅಡಾಪ್ಟರ್ ಹಾಕಿದ ಮೇಲೆ ಮೈಕ್‌ನ ವ್ಯಾಪ್ತಿ ತಗ್ಗಿದ್ದರೆ, ಎಲ್ಲ ಮೈಕ್‌ಗಳನ್ನೂ ಆಫ್ ಮಾಡಿ ರಿಸೀವರ್‌ನ ಆರ್‌ಎಫ್ ಮೀಟರ್ ನೋಡುತ್ತಾ, ರ‍್ಯಾಕ್‌ನಲ್ಲಿರುವ ಇತರ ಅಡಾಪ್ಟರ್‌ಗಳನ್ನು ಒಂದೊಂದಾಗಿ ಕಳಚಬೇಕು. ಯಾವುದನ್ನು ಕಳಚಿದಾಗ ಪಟ್ಟಿಗಳು ಇಳಿಯುತ್ತವೆಯೋ ಅದೇ ಮೂಲ. ಕಳಪೆ ಸ್ವಿಚಿಂಗ್ ಅಡಾಪ್ಟರ್‌ಗಳ ಗದ್ದಲ ಅನೇಕ ವೈರ್‌ಲೆಸ್ ಮೈಕ್‌ಗಳು ಬಳಸುವ ಯುಎಚ್‌ಎಫ್ ತರಂಗಗಳವರೆಗೂ ಹಬ್ಬಬಲ್ಲದು. ಸಾಮಾನ್ಯ ಮಲ್ಟಿಮೀಟರ್‌ನ ಎಸಿ ಮಿಲಿವೋಲ್ಟ್ ಅಳತೆ ಮೇನ್ಸ್‌ನಿಂದ ಬರುವ 100 ಅಥವಾ 120 ಹರ್ಟ್ಸ್‌ನ ಏರಿಳಿತವನ್ನು ತೋರಿಸೀತೇ ಹೊರತು ಈ ಗದ್ದಲವನ್ನಲ್ಲ. ಹಾಗಾಗಿ ಮೀಟರ್ ಸ್ವಚ್ಛವಾಗಿದೆ ಎಂದ ಮಾತ್ರಕ್ಕೆ ಅಡಾಪ್ಟರ್ ಅನ್ನು ನಿರ್ದೋಷಿ ಎನ್ನಲಾಗದು. ಆಂಟೆನಾ ಕೇಬಲ್‌ಗಳನ್ನು ಅಡಾಪ್ಟರ್‌ಗಳ ಕಟ್ಟಿನಿಂದ ದೂರ ಸರಿಸಿ, ಡಿಸಿ ಕೇಬಲ್‌ಗೆ ರಿಸೀವರ್‌ನ ಹತ್ತಿರವೇ ಫೆರೈಟ್ ಕ್ಲಿಪ್ (ಗದ್ದಲವನ್ನು ತಡೆಯುವ, ಕೇಬಲ್‌ನ ಸುತ್ತ ಕೂರುವ ಉಂಗುರ) ಹಾಕಿದರೆ ಗದ್ದಲ ತಗ್ಗುತ್ತದೆ. ತೀರ ಕೆಟ್ಟ ಅಡಾಪ್ಟರ್ ಆದರೆ ಬದಲಿಸುವುದೇ ಮೇಲು.

ಒಂದೇ ಸಪ್ಲೈ ಹಂಚಿಕೊಂಡ ರಿಸೀವರ್‌ಗಳಲ್ಲಿ ಗುಂಯ್‌ನಾದ ಕೇಳಿದರೆ, ಡಿಸಿಯ ಮೈನಸ್ ತಂತಿ ಮತ್ತು ಆಡಿಯೊ ಶೀಲ್ಡ್ ಸೇರಿ ಲೂಪ್ ಆಗಿದೆಯೇ ಎಂದು ನೋಡಬೇಕು. ಒಂದು ರಿಸೀವರ್‌ಗೆ ತಾತ್ಕಾಲಿಕವಾಗಿ ಅದರದೇ ಅಡಾಪ್ಟರ್ ಕೊಟ್ಟಾಗ ನಾದ ನಿಂತರೆ ಅನುಮಾನ ನಿಜ. ಆಗ ಆ ಸಾಲಿನ ಆಡಿಯೊ ಹೊರದಾರಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ನೇರ ತಂತಿ ಸಂಬಂಧವಿಲ್ಲದೆ ಧ್ವನಿ ಸಂಕೇತವನ್ನು ದಾಟಿಸುವ ಭಾಗ) ಹಾಕಬೇಕು. ಮೇನ್ಸ್ ಪ್ಲಗ್‌ನ ಅರ್ಥ್ ಪಿನ್ ಮುರಿದು ನಾದ ನಿಲ್ಲಿಸುವ ಕೆಟ್ಟ ರೂಢಿಯನ್ನು ಯಾವ ಕಾರಣಕ್ಕೂ ಅನುಸರಿಸಬಾರದು. ಉಪಕರಣಗಳನ್ನು ಮುಟ್ಟುವವರ ಜೀವಕ್ಕೆ ಅದು ಅಪಾಯ.

ಬದಲಿ ಪ್ಲಗ್ ಕೊಳ್ಳುವಾಗ ಮತ್ತು ಕೂರಿಸುವಾಗ

ತಯಾರಕರ ಮೂಲ ಅಡಾಪ್ಟರ್ ಸಿಗುವ ತನಕ ಅದನ್ನೇ ತರುವುದು ನನ್ನ ಸಲಹೆ. ಸಿಗದಿದ್ದಾಗ ನಿಗದಿತ ವೋಲ್ಟೇಜ್‌ನ, ನಿಯಂತ್ರಿತ ಅಡಾಪ್ಟರ್ ಆರಿಸಿ, ಮೇಲಿನ ಕ್ರಮದಲ್ಲಿ ಅಳತೆ ಹಾಕಿದ ಪ್ಲಗ್ ಅನ್ನೇ ಬೆಸೆಯಬೇಕು. ಗುಂಡಿ ಸರಿಸಿ ವೋಲ್ಟೇಜ್ ಬದಲಿಸುವ, ತುದಿಯನ್ನು ತಿರುಗಿಸಿ ಧ್ರುವ ಬದಲಿಸುವ ಬಹೂಪಯೋಗಿ ಅಡಾಪ್ಟರ್ ಪರೀಕ್ಷೆಯ ಮೇಜಿಗೆ ಒಳ್ಳೆಯದು, ರ‍್ಯಾಕ್‌ಗೆ ಖಂಡಿತ ಬೇಡ. ಕೈ ತಾಗಿ ಆ ಗುಂಡಿ ಒಂದು ಹೆಜ್ಜೆ ಸರಿದರೂ ರಿಸೀವರ್ ಕೆಟ್ಟುಹೋಗಬಹುದು. ಚಿತ್ರೀಕರಣದ ಗಾಡಿಗಳಲ್ಲಿ ಬಳಸುವ ನಾಲ್ಕು ಪಿನ್‌ನ ಹಿರೋಸೆ ಅಥವಾ ಎಕ್ಸ್‌ಎಲ್‌ಆರ್ ಡಿಸಿ ಕೇಬಲ್‌ಗಳಿಂದ ವಿದ್ಯುತ್ ತೆಗೆಯುವುದಾದರೆ, ಎರಡರಲ್ಲೂ 1ನೇ ಪಿನ್ ಮೈನಸ್, 4ನೇ ಪಿನ್ ಪ್ಲಸ್ ಎಂಬುದು ರೂಢಿ. ಆದರೂ ಮೀಟರ್ ಹಿಡಿಯದೆ ಜೋಡಿಸಬಾರದು.

ಪ್ಲಗ್ ಕೂರಿಸಿದ ಮೇಲೆ ಕೇಬಲ್‌ನ ಭಾರ ಅದರ ಮೇಲೆ ಬೀಳದಂತೆ, ಸಾಕೆಟ್‌ನಿಂದ ಒಂದು ಗೇಣಿನೊಳಗೆ ಸ್ವಲ್ಪ ಸಡಿಲ ಬಿಟ್ಟು ರ‍್ಯಾಕ್‌ನ ಪಟ್ಟಿಗೆ ಕಟ್ಟಬೇಕು. ಕಟ್ಟಿದ ಬಳಿಕ ಎಲ್ಲ ರಿಸೀವರ್‌ಗಳನ್ನೂ ಒಟ್ಟಿಗೆ ಆನ್ ಮಾಡಿ, ಎಲ್ಲ ಮೈಕ್‌ಗಳೂ ಚಾಲೂ ಇರುವಾಗ, ಸಪ್ಲೈಯಿಂದ ಅತಿ ದೂರವಿರುವ ರಿಸೀವರ್‌ನ ಬಳಿ ವೋಲ್ಟೇಜ್ ಅಳೆದು, ಆ ಸಂಖ್ಯೆಯನ್ನು ವೋಲ್ಟ್, ಆಂಪಿಯರ್, ಧ್ರುವ ಮತ್ತು ಪ್ಲಗ್‌ನ ಎರಡೂ ವ್ಯಾಸಗಳೊಂದಿಗೆ ಒಂದು ಪಟ್ಟಿಯ ಮೇಲೆ ಬರೆದು ಕೇಬಲ್‌ಗೇ ಅಂಟಿಸಬೇಕು.